ಪ್ರಕಾಶಕರು: ಲೇಖಕಿಯೇ

ನನಗೊಂದು ಚಾಳಿಯಿದೆ. ಯಾರ ಮನೆಗೆ ಹೋದರೂ ಕಪಾಟಿನಲ್ಲಿ ಕಂಡ ಪುಸ್ತಕವನ್ನು ಕೈಗೆತ್ತಿಕೊಂಡು, ರಕ್ಷಾಪುಟ ದಾಟಿ, ಹೆಸರಿನ ಪುಟ ಮಗುಚಿ, ಅದರ ಬೆನ್ನಿಗಿರುವ ಸಣ್ಣಕ್ಷರದ ಪುಟವನ್ನು ಓದುತ್ತ ನಿಂತುಬಿಡುತ್ತೇನೆ. ಯಾರು ಅಚ್ಚು ಹಾಕಿದರು, ಯಾರು ಪ್ರಕಟಿಸಿದರು, ಎಷ್ಟು ಪ್ರತಿ, ಬೆಲೆ ಎಷ್ಟು, ಹಕ್ಕು ಯಾರದು. ಅಷ್ಟರಲ್ಲಿ ಮನೆಯಾಕೆ ಚಹ ಮಾಡಿ ತಂದು, ಅದು ಆರಿಯೂ ಹೋಗಿರುತ್ತದೆ. 'ನಮ್ಮ ಟೀಚರು ಪುಸ್ತಕದ ಜಾತಕ ನೋಡ್ತಾರ' ಎಂದು ಶಾಲೆಯ ಗೆಳತಿಯರು ನಗುತ್ತಾರೆ. ನಗಲಿ. ಆ ಪುಟವನ್ನು ಓದಲು ಕಲಿಯುವುದಕ್ಕೆ ನಾನು ಕೊಟ್ಟ ಫೀಸು 22 ಸಾವಿರ ರೂಪಾಯಿ.

ಅದು 2009ರ ಮಾತು. ಹೈಸ್ಕೂಲಿನಲ್ಲಿ ಸಮಾಜ ಪಾಠ ಹೇಳುತ್ತ, ಬೇಸಿಗೆಯ ಎರಡು ರಜೆಗಳಲ್ಲಿ ಬರೆದು ಮುಗಿಸಿದ ಒಂದು ಸಣ್ಣ ಕಾದಂಬರಿ ನನ್ನ ಟ್ರಂಕಿನಲ್ಲಿತ್ತು. ದೊಡ್ಡ ಊರಿನ ಪ್ರಕಾಶಕರೊಬ್ಬರು ಓದಿ ಮೆಚ್ಚಿ ಪತ್ರ ಬರೆದರು. ಕೊನೆಯ ಸಾಲಿನಲ್ಲಿ, ಕಾಗದದ ಬೆಲೆ ಏರಿದೆಯಾದ್ದರಿಂದ ಲೇಖಕರು 'ಸಹಕರಿಸಬೇಕು' ಎಂದಿತ್ತು. ಸಹಕರಿಸಿದೆ. ಚೀಟಿ ಎತ್ತಿದ ಹಣ ಡಿ.ಡಿ. ಮಾಡಿ ಕಳಿಸಿದೆ. ಆರು ತಿಂಗಳಿಗೆ 100 ಪ್ರತಿಗಳ ಎರಡು ಬಂಡಲು ಲಾರಿ ಆಫೀಸಿಗೆ ಬಂದವು. ಆ ಸಂಜೆ ಊಟ ಸೇರಲಿಲ್ಲ, ಅಷ್ಟು ಸಂತೋಷ. ನನ್ನ ಹೆಸರು ಅಚ್ಚಾಗಿದೆ ಎಂಬುದೊಂದೇ ಕಣ್ಣಿಗೆ ಬಿತ್ತು. ಎರಡನೆಯ ಪುಟವನ್ನು ಮಗುಚಿಯೂ ನೋಡಲಿಲ್ಲ.

ಹತ್ತು ವರ್ಷ ಕಳೆದ ಮೇಲೆ, 2019ರಲ್ಲಿ, ಪ್ರತಿಗಳೆಲ್ಲ ಮುಗಿದು ಮತ್ತೊಮ್ಮೆ ಅಚ್ಚು ಮಾಡಿಸೋಣವೆಂದು ಆ ಮಹನೀಯರಿಗೆ ಫೋನು ಮಾಡಿದಾಗ ಅವರು ತಣ್ಣಗೆ ಹೇಳಿದರು: "ಹಕ್ಕು ನಮ್ಮದಮ್ಮ. ಎರಡನೇ ಪುಟ ನೋಡಿ." ನೋಡಿದೆ. 'ಹಕ್ಕುಗಳು: ಪ್ರಕಾಶಕರವು' ಎಂದು ಸಾಸಿವೆಯಷ್ಟು ಅಕ್ಷರದಲ್ಲಿ ಅಚ್ಚಾಗಿತ್ತು. ನಾನು ಹೆತ್ತ ಕೂಸಿಗೆ, ನಾನೇ ಹಾಲಿನ ದುಡ್ಡು ಕೊಟ್ಟು, ಇನ್ನೊಬ್ಬರ ಮನೆತನದ ಹೆಸರು ಇಡಿಸಿಕೊಂಡು ಬಂದಿದ್ದೆ.

ವಕೀಲಿ ಓದಿದ ನನ್ನ ಅಕ್ಕನ ಮಗ ಆಮೇಲೆ ಬಿಡಿಸಿ ಹೇಳಿದ. 1957ರ ಕೃತಿಸ್ವಾಮ್ಯ ಕಾಯಿದೆಯ ಪ್ರಕಾರ ಬರೆದವರ ಹಕ್ಕು ಬರೆದ ಕ್ಷಣದಿಂದಲೇ ಅವರದು, ಎಲ್ಲೂ ನೋಂದಾಯಿಸಬೇಕೆಂದಿಲ್ಲ. ಅದನ್ನು ಇನ್ನೊಬ್ಬರಿಗೆ ಬಿಟ್ಟುಕೊಡುವುದಾದರೆ ಬರವಣಿಗೆಯಲ್ಲಿರಬೇಕು, ಸಹಿ ಇರಬೇಕು. ಕರಾರಿನಲ್ಲಿ ಅವಧಿ ಹೇಳದೆ ಹೋದರೆ ಐದೇ ವರ್ಷ ಎಂದು ಕಾಯಿದೆಯೇ ಗೆರೆ ಎಳೆದಿದೆ. ನಾನು ಯಾವ ಕಾಗದಕ್ಕೂ ಸಹಿ ಮಾಡಿರಲಿಲ್ಲ. "ಅವರು ಅಚ್ಚು ಹಾಕಿಕೊಂಡ ಮಾತ್ರಕ್ಕ ಹಕ್ಕು ಹೋಗೂದಿಲ್ಲ ಚಿಗವ್ವ, ಅದು ನಿಂದ ಐತಿ" ಎಂದ. ಆ ಒಂದು ಮಾತಿಗೆ ಹತ್ತು ವರ್ಷ ಕಾದಂತಾಯಿತು. ನೀವು ಬರೆಯುವವರಾದರೆ, ಅಥವಾ ನಿಮ್ಮ ಮನೆಯಲ್ಲಿ ಬರೆಯುವ ಸೊಸೆಯೋ ಮಗಳೋ ಇದ್ದರೆ, ಇದಿಷ್ಟನ್ನು ಸೀರೆಯ ಸೆರಗಿಗೆ ಗಂಟು ಹಾಕಿಕೊಳ್ಳಿ.

ಆ ಸಣ್ಣಕ್ಷರದ ಪುಟ ಎಲ್ಲಿಂದ ಬಂತು ಎಂದು ಹುಡುಕಹೊರಟದ್ದು ಆಗ. ಸಮಾಜ ಪಾಠದ ಟೀಚರಲ್ಲವೇ, ಪ್ರತಿಯೊಂದಕ್ಕೂ ಇಸವಿ ಬೇಕು ನನಗೆ. ಇಸವಿ ಸಿಕ್ಕಿತು: 1867. ಆ ವರ್ಷ ಬ್ರಿಟಿಷ್ ಸರಕಾರ ಮುದ್ರಣಾಲಯಗಳ ಮತ್ತು ಪುಸ್ತಕಗಳ ನೋಂದಣಿಗೆ ಒಂದು ಕಾಯಿದೆ ಮಾಡಿತು. ಅಚ್ಚಾಗುವ ಪ್ರತಿಯೊಂದು ಪುಸ್ತಕದ ಮೇಲೂ ಅಚ್ಚು ಹಾಕಿದವರ ಹೆಸರು, ಊರು, ಪ್ರಕಟಿಸಿದವರ ಹೆಸರು, ಊರು ಸ್ಪಷ್ಟವಾಗಿ ಕಾಣಬೇಕು ಎಂದಿತು. 1857 ಕಳೆದು ಹತ್ತೇ ವರ್ಷ. ಯಾರು ಏನು ಅಚ್ಚು ಹಾಕುತ್ತಿದ್ದಾರೆಂಬುದು ಸರಕಾರಕ್ಕೆ ತಿಳಿದಿರಬೇಕಿತ್ತು. ನಮ್ಮ ಹಾವೇರಿ ಆಗ ಧಾರವಾಡ ಜಿಲ್ಲೆಯಲ್ಲಿ, ಧಾರವಾಡ ಮುಂಬಯಿ ಪ್ರಾಂತದಲ್ಲಿ. 2023ರ ಹೊಸ ಕಾಯಿದೆ ಬಂದು ಆ ಹಳೆಯದು ರದ್ದಾಯಿತು, ಹೊಸದರಲ್ಲಿ ಪುಸ್ತಕಗಳ ಮಾತೂ ಇಲ್ಲ. ರೂಢಿ ಮಾತ್ರ ಹಾಗೆಯೇ ಉಳಿದಿದೆ. ಪೊಲೀಸು ಕಣ್ಣಿಗೆಂದು ಹುಟ್ಟಿದ ಒಂದು ಸಾಲು, 'ಪ್ರಕಾಶಕರು' ಎಂಬ ಆ ಸಾಲು, ನಮ್ಮ ಕಾದಂಬರಿಯ ಚರಿತ್ರೆಯನ್ನೇ ಹೊಟ್ಟೆಯಲ್ಲಿಟ್ಟುಕೊಂಡು ಕುಳಿತಿದೆ ಎಂದು ನನಗೆ ಆಮೇಲಾಮೇಲೆ ಗೊತ್ತಾಯಿತು.

ಹಾಗೆ ಹುಡುಕುತ್ತ ಹೋದಾಗ ನನಗೆ ಸಿಕ್ಕವರು ನಂಜನಗೂಡು ತಿರುಮಲಾಂಬ. ಹೆಸರು ಬಿ.ಎ. ಓದುವಾಗ ಪರೀಕ್ಷೆಗೆಂದು ಬಾಯಿಪಾಠ ಮಾಡಿದ್ದೇ. 'ಹೊಸಗನ್ನಡದ ಮೊದಲ ಲೇಖಕಿಯರಲ್ಲಿ ಒಬ್ಬರು' ಎಂದು ಬರೆದರೆ ಎರಡು ಅಂಕ. ಅವರು ಹುಟ್ಟಿದ್ದು 1887ರಲ್ಲಿ. ಹತ್ತು ವರ್ಷಕ್ಕೆ ಮದುವೆ, ಹದಿನಾಲ್ಕಕ್ಕೆ ವೈಧವ್ಯ. ಅಂಥ ಹುಡುಗಿಗೆ ಆ ಕಾಲ ಕೊಟ್ಟಿದ್ದ ಜಾಗ ಎಷ್ಟೆಂದು ನಾನು ಹೇಳಬೇಕಿಲ್ಲ; ನಮ್ಮ ನಿಮ್ಮ ಮನೆಗಳ ಅಜ್ಜಿಯರ ಕಡೆಯವರಲ್ಲಿ ಅಂಥ ಒಬ್ಬರಾದರೂ ಇದ್ದರು. ವಕೀಲರಾಗಿದ್ದ ತಂದೆ ಮಗಳನ್ನು ತವರಿನಲ್ಲೇ ಇರಿಸಿಕೊಂಡು ಓದಿಸಿದರು. ಆಕೆ ಓದಿದಳು, ಬರೆದಳು, ಮನೆಯಲ್ಲೇ ಹೆಣ್ಣುಮಕ್ಕಳನ್ನು ಕೂರಿಸಿಕೊಂಡು ಪಾಠ ಹೇಳಿದಳು. 1913ರಲ್ಲಿ 'ಸುಶೀಲೆ' ಎಂಬ ಕಾದಂಬರಿ ಹೊರಬಂತು.

ಪರೀಕ್ಷೆಯ ಉತ್ತರ ಅಲ್ಲಿಗೆ ಮುಗಿಯುತ್ತಿತ್ತು. ನನಗೀಗ ಕುತೂಹಲ ಹುಟ್ಟುವುದು ಅಲ್ಲಿಂದ ಮುಂದೆ. ಪ್ರಕಟಿಸಿದವರು ಯಾರು? ಅವರೇ. 1913ರಲ್ಲೇ 'ಸತೀ ಹಿತೈಷಿಣೀ' ಎಂಬ ಗ್ರಂಥಮಾಲೆಯನ್ನು ತಾವೇ ತೆರೆದರು. ಮುಂದೆ 'ಕರ್ನಾಟಕ ನಂದಿನಿ' ಎಂಬ ಮಾಸಪತ್ರಿಕೆ, ಆಮೇಲೆ 'ಸನ್ಮಾರ್ಗದರ್ಶಿ'. ಬರೆಯುವುದಷ್ಟೇ ಅಲ್ಲ, ಮುದ್ರಣ, ಪ್ರಕಟಣೆ, ಪತ್ರಿಕೆಯ ಸಂಪಾದನೆ, ಮೂರಕ್ಕೂ ಕೈ ಹಾಕಿದ ಮೊದಲ ಕನ್ನಡತಿ ಅವರು. ಹೊಸ್ತಿಲು ದಾಟಲು ಹತ್ತು ಸಲ ಯೋಚಿಸಬೇಕಿದ್ದ ವಿಧವೆ ಕಾಗದದ ಲೆಕ್ಕ, ಅಂಚೆಯ ಲೆಕ್ಕ, ಚಂದಾದಾರರ ಲೆಕ್ಕ ಇಟ್ಟುಕೊಂಡು ಕೂತದ್ದನ್ನು ಒಮ್ಮೆ ಕಣ್ಣಿಗೆ ತಂದುಕೊಳ್ಳಿ. ಸಾಹಿತ್ಯ ಚರಿತ್ರೆಯವರು ಅವರ ಕಾದಂಬರಿಗಳು ಬೋಧಪ್ರದ, ಪತಿವ್ರತೆಯರ ಕತೆ ಎಂದು ಒಂದು ಮಾತಿನಲ್ಲಿ ಮುಗಿಸುತ್ತಾರೆ. ಬೋಧನೆ ಹೆಚ್ಚೇ ಇದೆ, ನನಗೂ ಓದುವಾಗ ಅಲ್ಲಲ್ಲಿ ಬೇಸರವಾಯಿತು. ಆದರೆ ಆ ಪುಸ್ತಕಗಳ ಒಳಗಿನ ನಾಯಕಿಯರಿಗಿಂತ, ಪುಸ್ತಕದ ಎರಡನೆಯ ಪುಟದಲ್ಲಿ ಕೂತಿದ್ದ ಹೆಣ್ಣು ದೊಡ್ಡವಳು ಎಂದು ನನ್ನ ಎಣಿಕೆ.

ಗ್ರಂಥಮಾಲೆ ಎಂಬುದರ ಜಾಣತನವನ್ನೂ ಇಲ್ಲಿ ಹೇಳಬೇಕು. ಒಂದು ಪುಸ್ತಕ ಅಚ್ಚು ಹಾಕಿ ಗಿರಾಕಿಗೆ ಕಾಯುವುದು ಒಂದು ದಾರಿ. ಚಂದಾದಾರರನ್ನು ಮೊದಲೇ ಸೇರಿಸಿಕೊಂಡು, ವರ್ಷಕ್ಕೆ ಇಷ್ಟು ಪುಸ್ತಕ ಎಂದು ಮಾತು ಕೊಟ್ಟು, ಅಂಚೆಯಲ್ಲಿ ಮನೆಗೆ ತಲುಪಿಸುವುದು ಇನ್ನೊಂದು. 1933ರಲ್ಲಿ ಧಾರವಾಡದಲ್ಲಿ ಶುರುವಾದ ಮನೋಹರ ಗ್ರಂಥಮಾಲೆ ಇದೇ ದಾರಿ ಹಿಡಿದು ಹೆಸರಾಯಿತು. ಅಂಗಡಿಗೆ ಹೋಗಿ ಪುಸ್ತಕ ಕೊಳ್ಳುವ ಸ್ವಾತಂತ್ರ್ಯವಿಲ್ಲದ ಹೆಂಗಸರಿಗೆ ಪುಸ್ತಕವೇ ಅಂಚೆಯವನ ಚೀಲದಲ್ಲಿ ಹಿತ್ತಿಲ ಬಾಗಿಲವರೆಗೆ ಬರುತ್ತಿತ್ತು ಎಂದರೆ ಎಷ್ಟೊಂದು ಅನುಕೂಲ! ನಮ್ಮ ಅವ್ವನ ಅತ್ತೆಗೆ ಹೀಗೆ ಪುಸ್ತಕ ಬರುತ್ತಿತ್ತಂತೆ. ಮಾವನವರು ಅದನ್ನು ಪಂಚಾಂಗವೆಂದು ತಿಳಿದಿದ್ದರಂತೆ.

ತಿರುಮಲಾಂಬ ತೀರಿಕೊಂಡದ್ದು 1982ರಲ್ಲಿ, ತೊಂಬತ್ತೈದರ ವಯಸ್ಸಿಗೆ. ಬರವಣಿಗೆ, ಪತ್ರಿಕೆ ಎಲ್ಲ ನಿಂತುಹೋಗಿ ಎಷ್ಟೋ ವರ್ಷಗಳಾಗಿದ್ದವು. ಅವರು ಬದುಕಿದ್ದಾರೆಂಬುದೇ ಬಹಳ ಮಂದಿಗೆ ಗೊತ್ತಿರಲಿಲ್ಲ. ನನಗೆ ಆಗ ಹನ್ನೆರಡು ವರ್ಷ. ನಾನು ಹುಟ್ಟಿದ ಮೇಲೂ ಆಕೆ ಇದ್ದರು ಎಂಬುದು ತಿಳಿದಾಗ, ಯಾರೋ ಹತ್ತಿರದವರನ್ನು ನೋಡದೆ ಕಳಕೊಂಡಂತೆ ಕಸಿವಿಸಿಯಾಯಿತು.

ನಮ್ಮ ಹಾವೇರಿ ಸೀಮೆಯ ಹೆಮ್ಮೆಯನ್ನು ಹೇಳದೆ ಮುಂದೆ ಹೋದರೆ ಊರವರು ಬಿಟ್ಟಾರೆಯೇ? ವರದೆ ತುಂಗಭದ್ರೆಯನ್ನು ಕೂಡುವ ಗಳಗನಾಥದವರು ವೆಂಕಟೇಶ ತಿರಕೋ ಕುಲಕರ್ಣಿಯವರು. ಊರಿನ ಹೆಸರೇ ಅವರ ಹೆಸರಾಯಿತು: ಗಳಗನಾಥರು. 1869ರಲ್ಲಿ ಹುಟ್ಟಿ 1942ರಲ್ಲಿ ತೀರಿಕೊಂಡರು. ನಮ್ಮ ಕುಲದವರೇ, ಶಾಲಾ ಮಾಸ್ತರು. ಮಾಸ್ತರಿಕೆ ಬಿಟ್ಟು ಅಗಡಿಯ ಆನಂದವನದಲ್ಲಿ 'ಸದ್ಬೋಧ ಚಂದ್ರಿಕೆ' ಪತ್ರಿಕೆ ನಡೆಸಿದರು. ಇಪ್ಪತ್ತಕ್ಕೂ ಮಿಕ್ಕಿ ಕಾದಂಬರಿ ಬರೆದರು. ಮರಾಠಿಯಿಂದ ತಂದವೂ ಉಂಟು, ವಿಜಯನಗರ ಕಟ್ಟಿದ ಕತೆಯ 'ಮಾಧವ ಕರುಣಾವಿಲಾಸ'ವೂ ಉಂಟು. ಮರಾಠಿಯೇ ಕಚೇರಿಯ, ಶಾಲೆಯ ಭಾಷೆಯಂತಾಗಿದ್ದ ನಮ್ಮ ಕಡೆ ಜನ ಕನ್ನಡ ಕಾದಂಬರಿಗಾಗಿ ಕಾದು ಕೂರುವಂತೆ ಮಾಡಿದವರು ಅವರು. ಬರೆದರೆ ಸಾಕೇ? ಪುಸ್ತಕದ ಗಂಟು ಹೊತ್ತುಕೊಂಡು ಊರೂರು ತಿರುಗಿ ಮನೆಮನೆಯ ಬಾಗಿಲಿಗೆ ಹೋಗಿ ಮಾರಿದರು. 'ಕಾದಂಬರಿ ಪಿತಾಮಹ' ಎಂದು ಈಗ ನಾವು ಭಾಷಣದಲ್ಲಿ ಕರೆಯುತ್ತೇವೆ. ಪಿತಾಮಹರ ಹೆಗಲ ಮೇಲಿದ್ದ ಗಂಟಿನ ಭಾರವನ್ನು ಮಾತ್ರ ಭಾಷಣದಲ್ಲಿ ಯಾರೂ ತೂಗುವುದಿಲ್ಲ. ಕೊನೆಯ ದಿನಗಳಲ್ಲಿ ಬಡತನ ಅವರನ್ನು ಬಿಟ್ಟಿರಲಿಲ್ಲ.

ಕಾರಂತರದು ಇನ್ನೊಂದು ಬಗೆ. ಪುತ್ತೂರಿನಲ್ಲಿ ಸ್ವಂತ ಅಚ್ಚುಕೂಟ ಹಾಕಿ ತಮ್ಮ ಕಾದಂಬರಿಗಳನ್ನು ತಾವೇ ಅಚ್ಚು ಮಾಡಿದರು, ಮುದ್ರಣದಲ್ಲಿ ಏನೇನೋ ಪ್ರಯೋಗ ಮಾಡಿದರು, ರಕ್ಷಾಪುಟದ ಚಿತ್ರವನ್ನೂ ತಾವೇ ಬರೆದರು, ಕೈ ಸುಟ್ಟುಕೊಂಡರು. ಮಾಸ್ತಿಯವರ ಪುಸ್ತಕಗಳ ಮೇಲೆ 'ಜೀವನ ಕಾರ್ಯಾಲಯ' ಎಂದಿರುತ್ತದೆ, ಅದು ಅವರದೇ. ಕುವೆಂಪು ಅವರ 1967ರ 'ಮಲೆಗಳಲ್ಲಿ ಮದುಮಗಳು' ಉದಯರವಿ ಪ್ರಕಾಶನದ್ದು; ಉದಯರವಿ ಅವರ ಮೈಸೂರಿನ ಮನೆಯ ಹೆಸರು. ಅಲ್ಲಿಗೆ ಜ್ಞಾನಪೀಠ ಪಡೆದ ನಮ್ಮ ಮೂವರು ಕಾದಂಬರಿಕಾರರು ಒಂದಲ್ಲ ಒಂದು ಹೊತ್ತಿನಲ್ಲಿ ತಮ್ಮ ಪುಸ್ತಕಕ್ಕೆ ತಾವೇ ಪ್ರಕಾಶಕರಾದರು. ಇದು ಗೊತ್ತಾದ ದಿನ ನನಗೆ ಸಣ್ಣಗೆ ಸಿಟ್ಟೇ ಬಂತು. 'ಸ್ವಂತ ದುಡ್ಡಿನಲ್ಲಿ ಅಚ್ಚು ಹಾಕಿಸಿಕೊಂಡಿದ್ದಾಳೆ' ಎಂಬ ಮಾತನ್ನು ನಮ್ಮಂಥ ಊರುಗಳಲ್ಲಿ ಹೆಂಗಸರ ಬಗ್ಗೆ ಎಷ್ಟು ಸಲ ಕೇಳಿಲ್ಲ! ಗಂಡಸು ಮಾಡಿದರೆ ಸಾಹಸ, ಹೆಂಗಸು ಮಾಡಿದರೆ ಶೋಕಿ.

ನಡುವೆ ಒಂದು ಕಾಲ ಬಂತು, ಅದನ್ನೂ ಮರೆಯಬಾರದು. ತ್ರಿವೇಣಿ, ಎಂ.ಕೆ. ಇಂದಿರಾ ಅವರನ್ನು ಪ್ರಕಾಶಕರೇ ಹುಡುಕಿಕೊಂಡು ಹೋದ ಕಾಲ. ವಾರಪತ್ರಿಕೆಯಲ್ಲಿ ಧಾರಾವಾಹಿ, ಆಮೇಲೆ ಪುಸ್ತಕ, ಆಮೇಲೆ ಓಣಿಗೊಂದರಂತಿದ್ದ ಬಾಡಿಗೆ ಲೈಬ್ರರಿ. ನಮ್ಮ ಅವ್ವ ದಿನಕ್ಕೆ ನಾಲ್ಕಾಣೆ ಕೊಟ್ಟು ತರುತ್ತಿದ್ದ ಪುಸ್ತಕಗಳ ಅಂಚುಗಳಲ್ಲಿ ಊರಿನ ಹೆಂಗಸರೆಲ್ಲರ ಅರಿಶಿನದ ಬೆರಳಿನ ಗುರುತಿರುತ್ತಿತ್ತು. ಟಿ.ವಿ. ಬಂತು, ಆ ಅಂಗಡಿಗಳು ವೀಡಿಯೊ ಕ್ಯಾಸೆಟ್ಟಿನ ಅಂಗಡಿಗಳಾದವು. ಉಳಿದದ್ದು 1965ರ ಕಾಯಿದೆಯಿಂದ ಬಂದ ಸರಕಾರಿ ಗ್ರಂಥಾಲಯ. ಗ್ರಂಥಾಲಯ ಇಲಾಖೆ ಆಯ್ದ ಪುಸ್ತಕಗಳನ್ನು ಸಗಟಾಗಿ ಕೊಳ್ಳುತ್ತದೆ. 300 ಪ್ರತಿ ಎಂಬುದು ಬರೆಯುವವರ ಬಾಯಲ್ಲಿ ಬಹಳ ವರ್ಷ ಮಂತ್ರದಂತಿತ್ತು. ಪುಟದ ಲೆಕ್ಕದಲ್ಲಿ ಬೆಲೆ ಕಟ್ಟುವ ಪದ್ಧತಿಯಾದ್ದರಿಂದ ಕೆಲವರು ಅಂಚು ಅಗಲ ಮಾಡಿ, ಸಾಲುಗಳನ್ನು ದೂರ ದೂರ ಕೂರಿಸಿ, ಪುಟ ಹೆಚ್ಚಿಸುವುದೂ ಉಂಟು. ಅಂಥ ಪುಸ್ತಕ ತೆರೆದರೆ ಮದುವೆಯ ಹಾಲಿನಲ್ಲಿ ನಾಲ್ಕೇ ಜನ ಕೂತಂತೆ ಕಾಣುತ್ತದೆ.

ಇದೆಲ್ಲ ತಲೆಯಲ್ಲಿಟ್ಟುಕೊಂಡೇ ನಾನು 2022ರಲ್ಲಿ ನನ್ನ ಎರಡನೆಯ ಕಾದಂಬರಿಯನ್ನು ನಾನೇ ಅಚ್ಚು ಮಾಡಿಸಲು ಹೊರಟೆ. ಚೀಟಿ ಮತ್ತೆ ಎತ್ತಿದೆ. ನಮ್ಮ ಮನೆಯವರು "ಹೋದ ಸಲ ಹೋದದ್ದು ಸಾಲಲಿಲ್ಲೇನು?" ಎಂದು ಒಂದು ಸಲ ಮಾತ್ರ ಕೇಳಿ ಸುಮ್ಮನಾದರು. ಅವರು ಒಳ್ಳೆಯವರು.

ಪ್ರೆಸ್ಸಿನ ಮಾಲೀಕರು ನನ್ನ ಹಳೆಯ ವಿದ್ಯಾರ್ಥಿಯ ತಂದೆ. ಮೊದಲ ದಿನವೇ ಕೇಳಿದರು: "ಬಾಯಾರ, ಸೈಜ್ ಯಾವುದು? ಡೆಮಿಯೋ, ಕ್ರೌನೋ?" ಕ್ರೌನ್ ಎಂಟನೆಯ ಒಂದು ಎಂದರೆ ಸಣ್ಣದು, ಪರ್ಸಿನಲ್ಲಿ ಹಿಡಿಸುತ್ತದೆ, ಬಾಡಿಗೆ ಲೈಬ್ರರಿಯ ಹಳೆಯ ಕಾದಂಬರಿಗಳನೇಕವು ಈ ಅಳತೆಯವು. ಡೆಮಿ ಎಂಟನೆಯ ಒಂದು ಐದೂವರೆ ಅಂಗುಲ ಅಗಲ, ಎಂಟೂವರೆ ಉದ್ದ. ನಾನು ಡೆಮಿ ಎಂದೆ. ಅಕ್ಷರ ದೊಡ್ಡದಿಡಬೇಕೆಂಬುದು ನನ್ನ ಮನಸ್ಸಿನಲ್ಲಿತ್ತು.

ಜಗಳವಾದದ್ದೂ ಅದಕ್ಕೇ. ಅವರು 11 ಪಾಯಿಂಟಿನಲ್ಲಿ ಜೋಡಿಸಿ 160 ಪುಟಕ್ಕೆ ಮುಗಿಸಿ ತೋರಿಸಿದರು. ಪುಸ್ತಕ ಅಚ್ಚಾಗುವುದು ಬಿಡಿ ಹಾಳೆಯಲ್ಲಲ್ಲ, ದೊಡ್ಡ ಹಾಳೆಯಲ್ಲಿ. ಅದನ್ನು ಮಡಚಿದರೆ 16 ಪುಟ, ಅದಕ್ಕೆ ಒಂದು ಫಾರಂ ಎನ್ನುತ್ತಾರೆ. 160 ಎಂದರೆ ಸರಿಯಾಗಿ ಹತ್ತು ಫಾರಂ, ಒಂದು ಚೂರು ಕಾಗದ ಹಾಳಿಲ್ಲ. ಆ ಕರಡನ್ನು ಮನೆಗೆ ತಂದು ಅವ್ವನ ಕೈಗೆ ಕೊಟ್ಟೆ. ಅವಳಿಗೆ ಎರಡೂ ಕಣ್ಣಿನ ಪೊರೆ ತೆಗೆಸಿದೆ. ಕನ್ನಡಕ ಏರಿಸಿ, ಕಿಟಕಿಯ ಹತ್ತಿರ ಕೂತು, ಎರಡು ಪುಟ ಓದಿ ಮಡಚಿಟ್ಟಳು. "ಚಲೋ ಬರದೀಯವ್ವ. ಆದ್ರ ಇರಿವಿ ಸಾಲು ಹರದಂಗ ಕಾಣತೈತಿ."

ನನ್ನ ಪುಸ್ತಕ ಓದುವವರು ಯಾರು? ಅವ್ವನಂಥವರು, ನನ್ನಂಥವರು, ನಲವತ್ತು ದಾಟಿ, ಮಧ್ಯಾಹ್ನ ಮುಸುರೆ ತಿಕ್ಕಿಟ್ಟು, ಕನ್ನಡಕ ಹುಡುಕಿ ಓದಲು ಕೂರುವವರು. ಕನ್ನಡದ ಅಕ್ಷರಕ್ಕೆ ಮೇಲೆ ಗುಡಿಸು, ಕೆಳಗೆ ಒತ್ತು. ಸಾಲುಗಳು ಒತ್ತಾಗಿ ಕೂತರೆ ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ಗುಡಿಸಿಗೆ ತಾಗಿ ಕಣ್ಣು ಕಲಸಿಬಿಡುತ್ತದೆ. ಮರುದಿನ ಹೋಗಿ 13 ಪಾಯಿಂಟು ಮಾಡಿ, ಸಾಲಿನ ನಡುವೆ ಉಸಿರಾಡಲು ಜಾಗ ಬಿಡಿ ಎಂದೆ. "ಬಾಯಾರ, ಮೂರು ಫಾರಂ ಜಾಸ್ತಿ ಆಗತಾವ್ರಿ, ಖರ್ಚು ಎಲ್ಲಿಗೆ ಹೋಗತೈತಿ ನೋಡ್ರಿ!" ಎಂದರು. ಹೋಗಲಿ ಎಂದೆ. ಆದರೆ ಜೋಡಿಸಿ ನೋಡಿದಾಗ 212 ಪುಟವಾಯಿತು. ಹದಿಮೂರು ಫಾರಮ್ಮಿಗೆ 208. ಆ ನಾಲ್ಕು ಪುಟಕ್ಕಾಗಿ ಅರ್ಧ ಫಾರಂ ಹಾಕಿ ನಾಲ್ಕು ಖಾಲಿ ಬಿಡಬೇಕು, ಇಲ್ಲವೇ ನಾಲ್ಕು ಪುಟ ಕಡಿಯಬೇಕು. ಕತೆಯಲ್ಲಿ ಕೈಯಾಡಿಸಿ ನೋಡಿದೆ, ಮನಸ್ಸು ಒಪ್ಪಲಿಲ್ಲ. ಕೊನೆಗೆ ಲೆಕ್ಕ ತಾನಾಗಿ ಕೂಡಿ ಬಂತು: ಹಿರಿಯರೊಬ್ಬರು ಬರೆದುಕೊಟ್ಟಿದ್ದ ಮುನ್ನುಡಿ ಸರಿಯಾಗಿ ನಾಲ್ಕು ಪುಟವಿತ್ತು. ಅದರಲ್ಲಿ ನನ್ನ ಕಾದಂಬರಿಯ ಹೆಸರು ಒಂದು ಸಲ ಬಂದಿತ್ತು, ಅದೂ ತಪ್ಪಾಗಿ. ತೆಗೆದುಬಿಟ್ಟೆ.

ಮುದ್ರಾರಾಕ್ಷಸನ ಮಾತು ಹೇಳಬೇಕು. ನಾನು ಬಿ.ಇಡಿ. ಮಾಡುವಾಗ ಕಾಲೇಜಿನ ವಾರ್ಷಿಕ ಸಂಚಿಕೆಯ ಕರಡು ತಿದ್ದಲು ಒಂದು ಹಳೆಯ ಪ್ರೆಸ್ಸಿಗೆ ಹೋಗುತ್ತಿದ್ದೆ. ಮೊಳೆ ಜೋಡಿಸುವಾತ ನಿಂತಲ್ಲೇ ನಿಂತು, ಕೈ ನೋಡದೆ ಗೂಡಿನಿಂದ ಅಕ್ಷರ ತೆಗೆದು, ಕನ್ನಡಿಯಲ್ಲಿ ಕಂಡಂತೆ ತಿರುಗುಮುರುಗಾದ ಸಾಲನ್ನು ಸರಾಗ ಓದುತ್ತಿದ್ದ. ಮೊಳೆಗಳು ಇರುವುದೇ ಕೆಲವು ಪುಟಕ್ಕಾಗುವಷ್ಟು. ಒಂದು ಫಾರಂ ಅಚ್ಚಾದ ಮೇಲೆ ಮೊಳೆ ಬಿಡಿಸಿ ಮತ್ತೆ ಗೂಡಿಗೆ ಹಾಕಿ ಮುಂದಿನ ಫಾರಂ ಜೋಡಿಸಬೇಕು. ಮೊದಲ ಹದಿನಾರು ಪುಟದಲ್ಲಿ ತಪ್ಪು ಉಳಿಯಿತೋ, ಉಳಿಯಿತು; ಕೊನೆಯಲ್ಲಿ ಒಂದು ತಪ್ಪೊಪ್ಪೋಲೆ. ತಿರುಮಲಾಂಬನವರ ಕಾಲದ ಪುಸ್ತಕಗಳೆಲ್ಲ ಹೀಗೆ ತುಣುಕು ತುಣುಕಾಗಿ ಹುಟ್ಟಿದವು ಎಂದು ಈಗ ನೆನೆದರೆ ಆ ಪುಟಗಳ ಮೇಲೆ ಕೈಯಾಡಿಸುವ ರೀತಿಯೇ ಬೇರೆಯಾಗುತ್ತದೆ.

ಈಗಿನ ರಾಕ್ಷಸ ಬೇರೆ. ನಾನು ಕಾದಂಬರಿಯನ್ನು ಮೊಬೈಲಿನಲ್ಲಿ, ಯೂನಿಕೋಡಿನಲ್ಲಿ ಕುಟ್ಟಿದ್ದೆ. ಪ್ರೆಸ್ಸಿನ ಹುಡುಗನ ಹತ್ತಿರ ಇದ್ದದ್ದು ಹಳೆಯ ಪೇಜ್‌ಮೇಕರ್. ಅದಕ್ಕೆ ಯೂನಿಕೋಡ್ ಕನ್ನಡ ತಿಳಿಯದು. ಅವನು ಅದನ್ನು ಹಳೆಯ ಫಾಂಟಿಗೆ ಪರಿವರ್ತಿಸಿದ. ಅರ್ಕಾವತ್ತುಗಳು ತಮ್ಮ ಅಕ್ಷರ ಬಿಟ್ಟು ಪಕ್ಕದ ಮನೆಗೆ ಹೋಗಿ ಕೂತವು. ನಾನು 'ಬ್ಯಾಂಕ್‌ನಲ್ಲಿ' ಎಂದು ಬರೆದದ್ದು 'ಬ್ಯಾಂಕ್ನಲ್ಲಿ' ಎಂದಾಯಿತು. 'ಟೀಚರ್‌ಗೆ' ಎಂಬುದು 'ಟೀಚರ್ಗೆ' ಆಗಿ, ನನ್ನನ್ನೇ ಅಣಕಿಸಿದಂತಿತ್ತು. ಮೂರು ಸಲ ಕರಡು ತಿದ್ದಿದೆ. ಮೂರನೆಯದನ್ನು ನಾನು ಓದಲಿಲ್ಲ, ಒಂಬತ್ತನೆಯ ತರಗತಿಯ ಇಬ್ಬರು ಹುಡುಗಿಯರನ್ನು ಮನೆಗೆ ಕರೆದು ಗಟ್ಟಿಯಾಗಿ ಓದಿಸಿದೆ. ಬರೆದವಳ ಕಣ್ಣು ಅಚ್ಚಾದದ್ದನ್ನು ಓದುವುದಿಲ್ಲ, ಮನಸ್ಸಿನಲ್ಲಿದ್ದದ್ದನ್ನು ಓದುತ್ತದೆ. ಹುಡುಗಿಯರು ತಡವರಿಸಿದ ಕಡೆಯೆಲ್ಲ ತಪ್ಪಿತ್ತು. ತಪ್ಪಿಲ್ಲದ ಕಡೆ ನನ್ನ ವಾಕ್ಯವೇ ಸೊಟ್ಟಗಿತ್ತು. ಚುರುಮುರಿ ಕೊಟ್ಟು ಕಳಿಸಿದೆ.

ಕಾಗದ, ಹೊಲಿಗೆ, ರಟ್ಟು ಇವುಗಳದು ಹೆಚ್ಚು ಹೇಳುವುದಿಲ್ಲ. ಬರೀ ಅಂಟು ಹಾಕಿ ಕಟ್ಟಿದ್ದು ಅಗ್ಗ. ಕೈಯಿಂದ ಕೈಗೆ ದಾಟುವ ಪುಸ್ತಕಕ್ಕೆ ಹೊಲಿಗೆಯೇ ಬೇಕು. ಅಪ್ಪಟ ಬಿಳಿ ಕಾಗದಕ್ಕಿಂತ ತುಸು ಹಳದಿ ಛಾಯೆಯದು ರಾತ್ರಿ ಓದುವವರಿಗೆ ಹಿತ. 100 ಪ್ರತಿ ಸಾಕಾದರೆ ಡಿಜಿಟಲ್. 500 ಆದರೆ ಆಫ್‌ಸೆಟ್ಟೇ ಅಗ್ಗ. ನಾನು 500 ಹಾಕಿಸಿದೆ. ದುರಾಸೆಯೇ ಇರಬೇಕು.

ಎಲ್ಲ ಮುಗಿದು ಎರಡನೆಯ ಪುಟಕ್ಕೆ ಬಂದೆವು. ಐ.ಎಸ್.ಬಿ.ಎನ್. ಸಂಖ್ಯೆಗೆ ದಿಲ್ಲಿಯ ರಾಜಾ ರಾಮಮೋಹನ ರಾಯ್ ಹೆಸರಿನ ಏಜೆನ್ಸಿಗೆ ನಾನೇ ಅರ್ಜಿ ಹಾಕಿದ್ದೆ. ಅದಕ್ಕೆ ದುಡ್ಡಿಲ್ಲ, ಬರೆದವರೇ ಹಾಕಬಹುದು. ಹಕ್ಕು: ಲೇಖಕಿಯದು. ಇದನ್ನು ನಾನೇ ಕೈಯಾರೆ ಕುಟ್ಟಿದೆ, ದೊಡ್ಡಕ್ಷರದಲ್ಲಿ. ಉಳಿದದ್ದು ಒಂದೇ ಸಾಲು.

"ಪ್ರಕಾಶಕರು ಯಾರಂತ ಹಾಕೂದ್ರಿ ಬಾಯಾರ? ಯಜಮಾನ್ರ ಹೆಸರು ಹಾಕೂಣೇನ್ರಿ?" ಎಂದರು ಮಾಲೀಕರು. ಆಮೇಲೆ ದನಿ ತಗ್ಗಿಸಿ, "ಇಲ್ಲಂದ್ರ ದೇವರ ಹೆಸರಿಂದ ಒಂದು ಪ್ರಕಾಶನ ಅಂತ ಮಾಡ್ರಿ. ನೀವೇ ಹಾಕಿಸಿಕೊಂಡೀರಿ ಅಂತ ಗೊತ್ತಾಗೂದಿಲ್ಲ" ಎಂದರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ಎಷ್ಟೋ ಲೇಖಕಿಯರು ಹಾಗೆ ಮಾಡಿದ್ದಾರೆ. ಮಗನ ಹೆಸರಿನ, ಮನೆದೇವರ ಹೆಸರಿನ ಪ್ರಕಾಶನಗಳ ಹಿಂದೆ ಎಷ್ಟು ಹೆಂಗಸರ ಬಳೆ ಕರಗಿದೆಯೋ. ನಾನೂ ಒಂದು ಗಳಿಗೆ ಅನುಮಾನಿಸಿದೆ, ಸುಳ್ಳೇಕೆ. ಸ್ಟಾಫ್‌ರೂಮಿನ ನಗು ಕಿವಿಯಲ್ಲಿ ಕೇಳಿತು. 1913ರ ನಂಜನಗೂಡು ನೆನಪಾಯಿತು. ಇಪ್ಪತ್ತಾರರ ಆ ಹೆಣ್ಣುಮಗಳಿಗೆ ಎಷ್ಟು ಜನ ಏನೇನು ಅಂದಿರಬಹುದು?

"ನನ್ನ ಹೆಸರ ಹಾಕ್ರಿ. ಕೆಳಗ ವಿಳಾಸ, ಫೋನ್ ನಂಬರು" ಎಂದೆ.

2023ರ ಜನವರಿಯಲ್ಲಿ 86ನೆಯ ಸಾಹಿತ್ಯ ಸಮ್ಮೇಳನ ನಮ್ಮ ಹಾವೇರಿಗೇ ಬಂತು. ಪರಿಚಯದವರ ಮಳಿಗೆಯ ಒಂದು ಮೂಲೆಯಲ್ಲಿ ಮೂರು ದಿನ ಪುಸ್ತಕ ಹರವಿಕೊಂಡು ಕೂತೆ. ಅಂಗಡಿಯವರಿಗೆ ಕೊಟ್ಟರೆ ನೂರಕ್ಕೆ ನಲವತ್ತು ರಿಯಾಯಿತಿ ಕೇಳುತ್ತಾರೆ, ಹಣ ಯಾವಾಗಲೋ. ಕೈಯಿಂದ ಕೊಟ್ಟರೆ ಪೂರ್ತಿ ಕೈಗೆ. ಮೊದಲ ದಿನ ನಾಚಿಕೆಯಿಂದ ತಲೆ ಎತ್ತಲಿಲ್ಲ. ಪಾಠ ಹೇಳುವ ಬಾಯಿಗೆ 'ಕೊಳ್ಳಿರಿ' ಎನ್ನಲು ಬರಲಿಲ್ಲ. ಎರಡನೆಯ ದಿನ ಗಳಗನಾಥರ ಗಂಟು ನೆನಪಿಸಿಕೊಂಡು ಬಾಯಿ ಬಿಟ್ಟೆ. ಮೂರು ದಿನಕ್ಕೆ 61 ಪ್ರತಿ ಹೋದವು. ಒಬ್ಬ ಹಿರಿಯ ಹೆಂಗಸು ಪುಟ ತಿರುವಿ, "ಅಕ್ಷರ ಕಾಣಸ್ತಾವ" ಎಂದು ಎರಡು ಪ್ರತಿ ಕೊಂಡರು, ಒಂದು ಬೀಗತಿಗಂತೆ. ಕತೆ ಏನೆಂದು ಅವರು ಕೇಳಲೇ ಇಲ್ಲ.

ಈಗ 140 ಪ್ರತಿಗಳು ನಮ್ಮ ಮಂಚದ ಕೆಳಗಿವೆ. ಕಸ ಹೊಡೆಯುವಾಗ ಬಂಡಲು ಸರಿಸಬೇಕು, ಮಳೆಗಾಲದಲ್ಲಿ ಗೆದ್ದಲು ನೋಡಬೇಕು. ಹಾಕಿದ ದುಡ್ಡು ಮುಕ್ಕಾಲು ಪಾಲು ಬಂದಿದೆ. ಮೊನ್ನೆ ಭಾನುವಾರ ಅಡುಗೆಯ ನಡುವೆ ಫೋನು ಬಂತು, ಗುರುತಿಲ್ಲದ ದನಿ, ರಾಣೆಬೆನ್ನೂರಿನಿಂದ.

"ಟೀಚರ್ ಅಲ್ರೀ? ನಿಮ್ಮ ಪುಸ್ತಕದ ಎರಡನೇ ಪುಟದಾಗ ನಂಬರ್ ಇತ್ರಿ. ನಮ್ಮ ಅತ್ತಿ ತೀರಿಕೊಂಡ ಮ್ಯಾಲೆ ಟ್ರಂಕಿನ್ಯಾಗ ನಾಕು ನೋಟ್‌ಬುಕ್ ಸಿಕ್ಕಾವ್ರಿ. ಕಾದಂಬರಿ ಬರದಿಟ್ಟಾರ. ಯಾರಿಗೂ ಹೇಳಿರಲಿಲ್ಲ. ಅಚ್ಚು ಮಾಡಸಬೇಕು ಅಂತ ಐತ್ರಿ ನನಗ. ಫಾರಂ ಅಂತಾರಲ್ರಿ, ಅದು ಎಷ್ಟು ಪುಟಕ್ಕ ಒಂದು?"

ಒಗ್ಗರಣೆ ಇಳಿಸಿ ಕುರ್ಚಿ ಎಳೆದುಕೊಂಡು ಕೂತೆ. "ಹದಿನಾರಕ್ಕ ಒಂದು" ಎಂದೆ. "ನೋಟ್‌ಬುಕ್ ಎಷ್ಟು ಪುಟದವು? ಪೆನ್ನು ತಗೋರಿ, ಬರಕೋರಿ."